ಕರೆಯದೆ ಉಳಿದ ಹೆಸರುಗಳು

ಪ್ರತಿವರ್ಷ ಏಪ್ರಿಲ್ ತಿಂಗಳ ಕೊನೆಯ ಭಾಗದಲ್ಲಿ ಅಮೆರಿಕದ ಯಾವುದಾದರೊಂದು ನಗರದಲ್ಲಿ ಮೂರು ದಿನಗಳ ಮಟ್ಟಿಗೆ ದೊಡ್ಡದೊಂದು ವೇದಿಕೆ ಸಜ್ಜಾಗುತ್ತದೆ. ಅಲ್ಲಿ ಆಟವಿಲ್ಲ, ಹಾಡಿಲ್ಲ. ಒಂದಾದ ಮೇಲೊಂದರಂತೆ ಹೆಸರುಗಳನ್ನು ಓದುತ್ತಾರೆ, ಅಷ್ಟೆ. ಆದರೂ ಲಕ್ಷಾಂತರ ಜನ ಟಿ.ವಿ. ಮುಂದೆ ಕುಳಿತು ಅದನ್ನು ವೀಕ್ಷಿಸುತ್ತಾರೆ. ಓದಲಾಗುವ ಪ್ರತಿಯೊಂದು ಹೆಸರೂ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿ, ವೃತ್ತಿಪರ ಲೀಗಿಗೆ ಕಾಲಿಡಲು ಕಾದು ಕುಳಿತ ಇಪ್ಪತ್ತೊಂದು, ಇಪ್ಪತ್ತೆರಡರ ಹರೆಯದ ಯುವಕನದು. ಹೆಸರು ಕೇಳಿಬಂದ ಮನೆಯಲ್ಲಿ ತಾಯಿ ಆನಂದದಿಂದ ಅಳುತ್ತಾಳೆ, ತಂದೆ ಮಗನನ್ನು ಬಿಗಿದಪ್ಪುತ್ತಾನೆ. ಕ್ಯಾಮೆರಾ ಅದನ್ನು ನಾಡಿಗೆಲ್ಲ ತೋರಿಸುತ್ತದೆ. ಹೆಸರು ಬಾರದ ಮನೆಗಳಿಗೆ ಕ್ಯಾಮೆರಾ ಹೋಗುವುದಿಲ್ಲ. ಪ್ರಿಯ ಓದುಗರೇ, ಈ ಚಿಂತನೆ ಆ ಮನೆಗಳ ಕುರಿತಾದದ್ದು.

ಮೊದಲಿಗೆ ಆಟದ ಬಗ್ಗೆ ಒಂದು ಮಾತು. ನಾವು ಫುಟ್‌ಬಾಲ್ ಎನ್ನುವ ಆಟವನ್ನು ಅಮೆರಿಕದವರು ಸಾಕರ್ ಎನ್ನುತ್ತಾರೆ. ಅವರ ಫುಟ್‌ಬಾಲ್ ಬೇರೆಯೇ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯ ಮೇಲೆ ಮೈಯಿಟ್ಟು ಬಿದ್ದು ಅವನನ್ನು ನೆಲಕ್ಕೆ ಕೆಡಹುವ ಆಟ ಅದು. ತಲೆಗೆ ಹೆಲ್ಮೆಟ್, ಭುಜಕ್ಕೆ ಗಟ್ಟಿ ಕವಚ ಇಲ್ಲದೆ ಅದನ್ನು ಆಡುವಂತಿಲ್ಲ. ಅದರ ವೃತ್ತಿಪರ ಸಂಸ್ಥೆಯೇ 1920ರಲ್ಲಿ ಹುಟ್ಟಿದ ನ್ಯಾಷನಲ್ ಫುಟ್‌ಬಾಲ್ ಲೀಗ್. ಇಂದು ಅದರಲ್ಲಿ 32 ತಂಡಗಳಿವೆ. ಪ್ರೌಢಶಿಕ್ಷಣ ಮುಗಿಸಿ ಮೂರು ವರ್ಷ ಕಳೆಯದ ಹುಡುಗನನ್ನು ಈ ಲೀಗ್ ಸೇರಿಸಿಕೊಳ್ಳುವುದಿಲ್ಲ. ಆ ಮೂರು ನಾಲ್ಕು ವರ್ಷಗಳನ್ನು ಅವನು ಕಳೆಯುವುದು ವಿಶ್ವವಿದ್ಯಾಲಯದ ತಂಡದಲ್ಲಿ. ಹೀಗಾಗಿ ಲೀಗಿಗೆ ಬೇಕಾದ ಸಸಿಗಳನ್ನು ಬೆಳೆಸಿಕೊಡುವ ಪಾತಿ ವಿಶ್ವವಿದ್ಯಾಲಯವೇ ಆಗಿದೆ. ಆ ಪಾತಿಯೂ ಸಣ್ಣದಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಜನ ಕುಳಿತು ಕಾಲೇಜು ಹುಡುಗರ ಆಟವನ್ನು ನೋಡಬಹುದು. ಅನೇಕ ರಾಜ್ಯಗಳಲ್ಲಿ ಅತ್ಯಂತ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ರಾಜ್ಯಪಾಲರೂ ಅಲ್ಲ, ನ್ಯಾಯಾಧೀಶರೂ ಅಲ್ಲ; ಸರ್ಕಾರಿ ವಿಶ್ವವಿದ್ಯಾಲಯದ ತಂಡದ ತರಬೇತುದಾರ.

ಈಗ ಲೆಕ್ಕವನ್ನು ನೋಡೋಣ. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಎಂಬ ಸಂಸ್ಥೆಯ ಆಶ್ರಯದಲ್ಲಿ ಸುಮಾರು 73 ಸಾವಿರ ಯುವಕರು ಫುಟ್‌ಬಾಲ್ ಆಡುತ್ತಾರೆ. ಅವರಲ್ಲಿ ಒಂದು ವರ್ಷಕ್ಕೆ ಸುಮಾರು 16 ಸಾವಿರ ಮಂದಿ ವೃತ್ತಿಪರ ಆಯ್ಕೆಗೆ, ಅಂದರೆ ಡ್ರಾಫ್ಟ್‌ಗೆ, ಅರ್ಹರಾಗುತ್ತಾರೆ. ಏಳು ಸುತ್ತುಗಳಲ್ಲಿ ಓದಲಾಗುವ ಹೆಸರುಗಳು ಸುಮಾರು 250ರಿಂದ 260. ನೂರು ಮಂದಿಯಲ್ಲಿ ಇಬ್ಬರಿಗೂ ಆ ಭಾಗ್ಯವಿಲ್ಲ. ಹೆಸರು ಓದಿದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದಲ್ಲ. ಬೇಸಿಗೆಯ ತರಬೇತಿಯಲ್ಲಿ ಪ್ರತಿ ತಂಡವೂ 90 ಮಂದಿಯನ್ನು ಇಟ್ಟುಕೊಂಡು, ಪಂದ್ಯಗಳು ಆರಂಭವಾಗುವ ಮುನ್ನ ಅವರನ್ನು 53ಕ್ಕೆ ಇಳಿಸುತ್ತದೆ. ಹಾಗೆ ಉಳಿದವರ ವೃತ್ತಿಜೀವನವೂ ಸರಾಸರಿ ಮೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಎಂಬುದು ಆಟಗಾರರ ಸಂಘವೇ ಹೇಳುತ್ತ ಬಂದಿರುವ ಮಾತು. ಬೇರೆಯವರು ಬದುಕನ್ನು ಕಟ್ಟಲು ಆರಂಭಿಸುವ ವಯಸ್ಸಿಗೆ ಈ ಯುವಕರ ಪೈಕಿ ಹೆಚ್ಚಿನವರು ನಿವೃತ್ತರು.

ಆಯ್ಕೆಯಾದವರ ಕಥೆಗಳೂ ಒಂದೇ ತೆರನಾಗಿಲ್ಲ. 1936ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಮೊತ್ತಮೊದಲ ಡ್ರಾಫ್ಟ್‌ನಲ್ಲಿ ಮೊತ್ತಮೊದಲು ಓದಿದ ಹೆಸರು ಶಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವಾಂಗರ್ ಅವರದು. ಇಂದು ಹೈಸ್‌ಮನ್ ಟ್ರೋಫಿ ಎಂದು ಹೆಸರಾಗಿರುವ, ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಪ್ರಶಸ್ತಿಯನ್ನು 1935ರಲ್ಲಿ ಮೊದಲು ಪಡೆದವರೂ ಅವರೇ. ಆದರೆ ಸಂಬಳದ ಮಾತು ಕುದುರಲಿಲ್ಲ. ವೃತ್ತಿಪರ ಲೀಗಿನಲ್ಲಿ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. ರಬ್ಬರ್ ಹಾಗೂ ಪ್ಲಾಸ್ಟಿಕ್ ವಸ್ತುಗಳ ಉದ್ಯಮ ನಡೆಸಿ, ತುಂಬು ಜೀವನ ಬಾಳಿ, 2002ರಲ್ಲಿ ತಮ್ಮ 88ನೆಯ ವಯಸ್ಸಿನಲ್ಲಿ ತೀರಿಕೊಂಡರು. 1998ರ ಡ್ರಾಫ್ಟ್‌ನಲ್ಲಿ ಮೊದಲ ಹೆಸರು ಪೇಟನ್ ಮ್ಯಾನಿಂಗ್ ಅವರದು, ಎರಡನೆಯದು ರಯಾನ್ ಲೀಫ್ ಅವರದು. ಇವರಿಬ್ಬರಲ್ಲಿ ಯಾರು ಮೇಲು ಎಂದು ಬಲ್ಲವರು ತಿಂಗಳುಗಟ್ಟಲೆ ವಾದಿಸಿದ್ದರು. ಮ್ಯಾನಿಂಗ್ ಲೀಗಿನ ಅತ್ಯುನ್ನತ ಗೌರವಗಳನ್ನೆಲ್ಲ ಪಡೆದರು. ಲೀಫ್ ಕೇವಲ 25 ಪಂದ್ಯಗಳನ್ನಾಡಿ ಹೊರಬಿದ್ದರು, ನೋವಿನ ಮಾತ್ರೆಗಳ ದಾಸರಾದರು, 2012ರಲ್ಲಿ ಸೆರೆಮನೆ ಸೇರಿದರು. 2014ರ ಕೊನೆಯಲ್ಲಿ ಬಿಡುಗಡೆಯಾದ ಮೇಲೆ ವ್ಯಸನದಿಂದ ಹೊರಬರಲು ಹೆಣಗುವವರ ಜೊತೆಗೆ ನಿಂತು ಮಾತನಾಡುವ ಕೆಲಸವನ್ನು ಕೈಗೆತ್ತಿಕೊಂಡರು.

ಇದಕ್ಕೆ ವಿರುದ್ಧವಾದ ಕಥೆಗಳೂ ಇವೆ. ಮಿಷಿಗನ್ನಿನ ಟಾಮ್ ಬ್ರೇಡಿ ಅವರ ಹೆಸರನ್ನು 2000ನೇ ಇಸವಿಯಲ್ಲಿ ಓದಿದ್ದು ಆರನೆಯ ಸುತ್ತಿನಲ್ಲಿ, 198 ಮಂದಿಯ ನಂತರ. ಅವರು ಏಳು ಬಾರಿ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯವನ್ನು ಗೆದ್ದರು. ಉತ್ತರ ಅಯೋವಾ ವಿಶ್ವವಿದ್ಯಾಲಯದ ಕರ್ಟ್ ವಾರ್ನರ್ ಅವರ ಹೆಸರನ್ನು 1994ರಲ್ಲಿ ಯಾರೂ ಓದಲೇ ಇಲ್ಲ. ಒಂದು ತಂಡ ಕರೆದು, ಕೆಲವೇ ವಾರಗಳಲ್ಲಿ ಕೈಬಿಟ್ಟಿತು. ಅವರು ಅಂಗಡಿಯೊಂದರಲ್ಲಿ ರಾತ್ರಿ ಪಾಳಿಯಲ್ಲಿ ಸಾಮಾನುಗಳನ್ನು ಜೋಡಿಸಿಟ್ಟು ದಿನ ದೂಡಿದರು. ಐದಾರು ವರ್ಷಗಳ ನಂತರ, 2000ದ ಜನವರಿಯಲ್ಲಿ, ಸೂಪರ್ ಬೌಲ್ ಗೆದ್ದ ತಂಡದ ನಾಯಕಸ್ಥಾನದಲ್ಲಿ ಆಡುತ್ತಿದ್ದವರು ಅವರೇ.

ಇಂತಹ ಕಥೆಗಳನ್ನು ಕೇಳಿದಾಗ ನಮ್ಮ ಮನಸ್ಸು ಹಿಗ್ಗುತ್ತದೆ. ತಜ್ಞರು ಯುವಕನ ಎತ್ತರ, ತೂಕ, ಅಂಗೈ ಅಗಲ, 40 ಗಜದ ಓಟದ ವೇಗ ಇವುಗಳನ್ನೆಲ್ಲ ಅಳೆದು ತೂಗಿಯೂ ಅವನೊಳಗಿನ ಮನುಷ್ಯನನ್ನು ಕಾಣದೆ ಹೋಗಬಹುದು ಎಂಬ ಸತ್ಯ ಅವುಗಳಲ್ಲಿದೆ. ಆದರೆ ಇಲ್ಲಿಯೇ ನಾವು ಸ್ವಲ್ಪ ತಡೆದು ನಿಲ್ಲಬೇಕು. ವಾರ್ನರ್ ಅವರ ಕಥೆ ಸತ್ಯವಾದುದು. ಅದೇ ಸತ್ಯಕಥೆಯನ್ನು ತರಬೇತುದಾರನೊಬ್ಬ ಸಾವಿರ ಹುಡುಗರ ಮುಂದೆ ನಿಂತು, ‘ನೀನೂ ಹೀಗಾಗಬಹುದು’ ಎಂಬ ಅರ್ಥ ಬರುವಂತೆ ಹೇಳಿದಾಗ ಅದು ಇನ್ನೂ ಸತ್ಯವಾಗಿಯೇ ಉಳಿಯುತ್ತದೆಯೆ? ಅವನ ಒಂದು ಮಾತೂ ಸುಳ್ಳಲ್ಲ. ಆದರೆ ಅದೇ ಅಂಗಡಿಯಂತಹ ಅಂಗಡಿಗಳಲ್ಲಿ ಸಾಮಾನು ಜೋಡಿಸುತ್ತ, ಬಾರದ ಕರೆಗಾಗಿ ಕಾದು ಕುಳಿತ ಅಸಂಖ್ಯಾತರ ವಿಷಯವನ್ನು ಅವನು ಹೇಳಲಿಲ್ಲ. ಹೇಳಿದ ಮಾತಿನಿಂದಷ್ಟೇ ಅಲ್ಲ, ಬಿಟ್ಟ ಮಾತಿನಿಂದಲೂ ಮನುಷ್ಯನನ್ನು ವಂಚಿಸಬಹುದು. ಭರವಸೆಗೂ ಆಮಿಷಕ್ಕೂ ಇರುವ ಅಂತರ ಇದೇ. ಭರವಸೆ ಲೆಕ್ಕವನ್ನು ಮುಚ್ಚಿಡುವುದಿಲ್ಲ. ಆಮಿಷ ಮುಚ್ಚಿಟ್ಟ ಲೆಕ್ಕದ ಮೇಲೆಯೇ ನಿಂತಿರುತ್ತದೆ.

ಹಾಗಾದರೆ ಇಲ್ಲಿರುವ ನೈತಿಕ ಪ್ರಶ್ನೆ ಯಾವುದು? ಕೆಲವರನ್ನು ಆರಿಸಿ ಹಲವರನ್ನು ಬಿಡುವುದೇ ಅನ್ಯಾಯವೆಂದು ಹೇಳಲಾಗದು. ಶ್ರೇಷ್ಠತೆ ಇರುವಲ್ಲೆಲ್ಲ ಆಯ್ಕೆ ಇದ್ದೇ ಇರುತ್ತದೆ. 53 ಸ್ಥಾನಗಳಿಗೆ 53 ಮಂದಿಯನ್ನಷ್ಟೇ ಸೇರಿಸಲು ಸಾಧ್ಯ. ಲೆಕ್ಕವನ್ನು ಬಲ್ಲ ಹಿರಿಯರು ಲೆಕ್ಕವರಿಯದ ಕಿರಿಯನ ಕನಸಿನಿಂದ ಲಾಭ ಪಡೆಯುವಾಗ ಅವರು ಅವನಿಗೆ ಸಲ್ಲಿಸಬೇಕಾದ ಋಣವೇನು? ಇದು ನಿಜವಾದ ಪ್ರಶ್ನೆ.

ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಪ್ರಕಟಿಸಿದ ನೀತಿಶಾಸ್ತ್ರದ ಗ್ರಂಥದಲ್ಲಿ ಮನುಷ್ಯನನ್ನು ಎಂದಿಗೂ ಕೇವಲ ಸಾಧನವನ್ನಾಗಿ ಕಾಣಬಾರದೆಂಬ ತತ್ತ್ವವನ್ನು ಪ್ರತಿಪಾದಿಸಿದರು. ಇದರಲ್ಲಿ ‘ಕೇವಲ’ ಎಂಬ ಪದ ಬಹು ಮುಖ್ಯ. ನಾವೆಲ್ಲರೂ ಪರಸ್ಪರರಿಂದ ಉಪಯೋಗ ಪಡೆಯುತ್ತೇವೆ. ವಿಶ್ವವಿದ್ಯಾಲಯ ಆಟಗಾರನಿಂದ ಕೀರ್ತಿಯನ್ನೂ ಹಣವನ್ನೂ ಪಡೆಯುತ್ತದೆ, ಆಟಗಾರ ವಿಶ್ವವಿದ್ಯಾಲಯದಿಂದ ವಿದ್ಯಾರ್ಥಿವೇತನವನ್ನೂ ಅವಕಾಶವನ್ನೂ ಪಡೆಯುತ್ತಾನೆ. ಇದರಲ್ಲಿ ತಪ್ಪಿಲ್ಲ. ಒಬ್ಬನನ್ನು ನಾವು ಕೇವಲ ಸಾಧನವಾಗಿ ಕಂಡೆವೋ ಇಲ್ಲವೋ ಎಂಬುದು ಗೊತ್ತಾಗುವುದು ಅವನ ಉಪಯೋಗ ಮುಗಿದ ದಿನ. ಮೊಣಕಾಲು ಮುರಿದ ಹುಡುಗನನ್ನು ಮಾರನೆಯ ದಿನ ಯಾರು ನೋಡಲು ಹೋಗುತ್ತಾರೆ? ಹೆಸರು ಬಾರದ ಹುಡುಗನಿಗೆ ಪದವಿ ಮುಗಿಸಲು ಯಾರು ನೆರವಾಗುತ್ತಾರೆ? ಈ ಪ್ರಶ್ನೆಗಳಿಗೆ ದೊರೆಯುವ ಉತ್ತರವೇ ಆ ಸಂಸ್ಥೆಯ ನೈತಿಕತೆಯ ಉತ್ತರ.

ಇತಿಹಾಸ ಇಲ್ಲಿ ನಮಗೊಂದು ಕಹಿ ಪಾಠವನ್ನು ಇಟ್ಟಿದೆ. 1955ರಲ್ಲಿ ಕೊಲರಾಡೊ ರಾಜ್ಯದ ಕಾಲೇಜೊಂದರ ಆಟಗಾರ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಮೃತಪಟ್ಟ. ಕೆಲಸಗಾರ ಕೆಲಸದಲ್ಲಿ ಸತ್ತರೆ ಅವನ ಕುಟುಂಬಕ್ಕೆ ಸಲ್ಲುವ ಪರಿಹಾರವನ್ನು ಅವನ ವಿಧವೆ ಕೇಳಿದಳು. ಅವನು ಕಾಲೇಜಿನ ನೌಕರನಲ್ಲವೆಂದು ಹೇಳಿ 1957ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ಬೇಡಿಕೆಯನ್ನು ತಳ್ಳಿಹಾಕಿತು. ಅದೇ ವರ್ಷಗಳಲ್ಲಿ ಎನ್‌ಸಿಎಎ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಜೋಡಿಪದವನ್ನು ಬಳಕೆಗೆ ತಂದಿತು. ಆ ಸಂಸ್ಥೆಯ ಮೊದಲ ಕಾರ್ಯನಿರ್ವಾಹಕ ನಿರ್ದೇಶಕರಾಗಿದ್ದ ವಾಲ್ಟರ್ ಬೈಯರ್ಸ್ ಅವರು, ಇಂತಹ ಪರಿಹಾರದ ದಾವೆಗಳ ಭಯದಿಂದಲೇ ಆ ಪದ ಹುಟ್ಟಿತೆಂದು 1995ರಲ್ಲಿ ಹೊರತಂದ ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ.

ಈ ಪದದ ಬಗ್ಗೆ ನಾವು ಯೋಚಿಸಬೇಕು. ಗುರಾಣಿಯಾಗಿ ಹುಟ್ಟಿದ ಆ ಪದ, ಆಡಿದವರಿಗೆ ಅರಿವಿಲ್ಲದೆಯೇ ಒಂದು ವಾಗ್ದಾನವೂ ಆಯಿತು. ‘ಇವನು ನೌಕರನಲ್ಲ, ವಿದ್ಯಾರ್ಥಿ’ ಎಂದು ಹೇಳಿದ ಮೇಲೆ ವಿದ್ಯಾರ್ಥಿಗೆ ಸಲ್ಲಬೇಕಾದ ವಿದ್ಯೆ ಅವನಿಗೆ ಸಲ್ಲಲೇಬೇಕಲ್ಲವೆ? ಆದರೆ ನಡೆದದ್ದೇನು? ಆಟದ ಋತುವಿನಲ್ಲಿ ವಾರಕ್ಕೆ 20 ಗಂಟೆ ಮೀರಿ ಅಭ್ಯಾಸ ಮಾಡಿಸಕೂಡದೆಂಬ ನಿಯಮವಿದ್ದರೂ, ಮೇಲಿನ ದರ್ಜೆಯ ಆಟಗಾರರು ತಾವು 40 ಗಂಟೆಗೂ ಹೆಚ್ಚು ಕಾಲವನ್ನು ಆಟಕ್ಕೆ ತೆರುತ್ತಿರುವುದಾಗಿ ಎನ್‌ಸಿಎಎ ನಡೆಸಿದ ಸಮೀಕ್ಷೆಯಲ್ಲಿಯೇ ತಿಳಿಸಿದ್ದರು. ಚಾಪೆಲ್ ಹಿಲ್‌ನಲ್ಲಿರುವ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ 18 ವರ್ಷಗಳ ಕಾಲ ಪಾಠವೇ ನಡೆಯದ ಹುಸಿ ತರಗತಿಗಳಿಗೆ ಅಂಕ ಕೊಡಲಾಗಿತ್ತೆಂದು 2014ರ ತನಿಖಾ ವರದಿ ಬಯಲುಮಾಡಿತು. ಅದರ ಫಲ ಪಡೆದ ಸುಮಾರು 3,100 ವಿದ್ಯಾರ್ಥಿಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿ ಕ್ರೀಡಾಪಟುಗಳು. ‘ಫಲ’ ಎಂದೆ, ನಿಜವಾಗಿ ನೋಡಿದರೆ ಅದು ಕಳವು. ಆಟ ಮುಗಿದ ಮೇಲೆ ಕೈಹಿಡಿಯಬೇಕಾಗಿದ್ದ ಒಂದೇ ಆಸ್ತಿಯನ್ನು ಆ ಯುವಕರಿಂದ ನಗುನಗುತ್ತಲೇ ಕಸಿದುಕೊಳ್ಳಲಾಗಿತ್ತು.

ಇದಕ್ಕೆ ಬೇರೆ ದಾರಿಯೇ ಇಲ್ಲವೆ? ಇದೆ. ಇಂಡಿಯಾನಾ ರಾಜ್ಯದಲ್ಲಿ ಪವಿತ್ರ ಶಿಲುಬೆಯ ಸಭೆಯ ಗುರುಗಳು 1842ರಲ್ಲಿ ಸ್ಥಾಪಿಸಿದ ನೋಟರ್ ಡೇಮ್ ವಿಶ್ವವಿದ್ಯಾಲಯ ಫುಟ್‌ಬಾಲಿಗೆ ಹೆಸರಾದದ್ದು. ಅಲ್ಲಿ ಓದಿದ ಆಲನ್ ಪೇಜ್ ಅವರ ಹೆಸರನ್ನು 1967ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿಯೇ ಓದಲಾಯಿತು. 1971ರಲ್ಲಿ ಅವರು ಇಡೀ ಲೀಗಿನ ಅತ್ಯಮೂಲ್ಯ ಆಟಗಾರರೆನಿಸಿದರು. ಆದರೂ ಆಟವೇ ತಮ್ಮ ಪೂರ್ಣ ಹೆಸರಾಗಲು ಅವರು ಬಿಡಲಿಲ್ಲ. ವೃತ್ತಿಪರ ಆಟಗಾರರಾಗಿದ್ದುಕೊಂಡೇ ಕಾನೂನು ಓದಿ 1978ರಲ್ಲಿ ಪದವಿ ಪಡೆದರು. 1993ರಿಂದ 2015ರವರೆಗೆ ಮಿನ್ನೆಸೋಟ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದರು. ಆ ಪೀಠವೇರಿದ ಮೊದಲ ಕರಿಯ ವರ್ಣೀಯರು ಅವರು. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಮೈರನ್ ರೋಲ್ ಅವರದು ಇನ್ನೊಂದು ಬಗೆ. ಅವರು ಡ್ರಾಫ್ಟನ್ನು ಒಂದು ವರ್ಷ ಮುಂದಕ್ಕೆ ಹಾಕಿ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಓದಲು ಹೋದರು. 2010ರಲ್ಲಿ ಆರನೆಯ ಸುತ್ತಿನಲ್ಲಿ ಅವರ ಹೆಸರು ಬಂತು. ಆದರೆ ಲೀಗಿನ ಅಧಿಕೃತ ಪಂದ್ಯವೊಂದರಲ್ಲೂ ಆಡುವ ಅವಕಾಶ ಒದಗಲಿಲ್ಲ. ಆಟದ ಲೆಕ್ಕದಲ್ಲಿ ಅವರು ಸೋತವರು. ಅನಂತರ ಅವರು ವೈದ್ಯಕೀಯ ಓದಿ ಮಿದುಳಿನ ಶಸ್ತ್ರಚಿಕಿತ್ಸಕರಾದರು. ಯಾವ ಲೆಕ್ಕದಲ್ಲಿ ಗೆದ್ದವರೆಂದು ನೀವೇ ಹೇಳಿ.

ಆದರೆ ಪೇಜ್, ರೋಲ್ ಅಂಥವರು ಅಸಾಧಾರಣ ಪ್ರತಿಭಾವಂತರು. ಅವರನ್ನು ತೋರಿಸಿ ಉಳಿದವರನ್ನು ‘ನೀವೇಕೆ ಹಾಗಾಗಲಿಲ್ಲ?’ ಎಂದು ಕೇಳುವುದು ವಾರ್ನರ್ ಕಥೆಯ ಆಮಿಷದ ಇನ್ನೊಂದು ರೂಪವಾದೀತು. ಸಾಮಾನ್ಯ ಹುಡುಗನಿಗೂ ದಾರಿ ತೆರೆದಿರಬೇಕಾದರೆ ಸಂಸ್ಥೆಯ ನಿಯಮಗಳೇ ಬದಲಾಗಬೇಕು. ಇದನ್ನು ಮನಗಂಡವರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯವನ್ನು 1952ರಿಂದ 1987ರವರೆಗೆ ಮುನ್ನಡೆಸಿದ ವಂದನೀಯ ಥಿಯೊಡೋರ್ ಹೆಸ್ಬರ್ಗ್ ಅವರೂ ಒಬ್ಬರು. ಅವರು ಸಹ ಅಧ್ಯಕ್ಷರಾಗಿದ್ದ ನೈಟ್ ಆಯೋಗ ಕ್ರೀಡಾ ವಿಭಾಗದ ಹೊಣೆಯನ್ನು ವಿಶ್ವವಿದ್ಯಾಲಯದ ಮುಖ್ಯಸ್ಥರೇ ಹೊರಬೇಕೆಂದು 1991ರ ವರದಿಯಲ್ಲಿ ಆಗ್ರಹಿಸಿತು. ತನ್ನ ಆಟಗಾರರಲ್ಲಿ ಕನಿಷ್ಠ ಅರ್ಧದಷ್ಟು ಮಂದಿಯನ್ನಾದರೂ ಪದವೀಧರರನ್ನಾಗಿಸದ ತಂಡಕ್ಕೆ ಋತುವಿನ ಕೊನೆಯ ದೊಡ್ಡ ಪಂದ್ಯಗಳಲ್ಲಿ ಸ್ಥಾನವಿರಬಾರದೆಂದು 2001ರ ವರದಿಯಲ್ಲಿ ಹೇಳಿತು. ತಂಡದ ಯಶಸ್ಸನ್ನು ಅಳೆಯುವ ಕೋಲನ್ನೇ ಬದಲಿಸಿ ಎಂಬುದು ಆ ಮಾತಿನ ತಿರುಳು.

ವಿದ್ಯೆಯ ಋಣದ ಜೊತೆಗೆ ದೇಹದ ಋಣವೂ ಇದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆಡಿ ಬಂದು ಪಿಟ್ಸ್‌ಬರ್ಗ್ ತಂಡದಲ್ಲಿ ನಾಲ್ಕು ಸೂಪರ್ ಬೌಲ್ ಗೆದ್ದ ಮೈಕ್ ವೆಬ್‌ಸ್ಟರ್ 2002ರಲ್ಲಿ, ಮನಸ್ಸು ಕದಡಿ ಬಹಳ ನರಳಿ, 50ನೆಯ ವಯಸ್ಸಿಗೆ ತೀರಿಕೊಂಡರು. ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಅವರ ಮಿದುಳನ್ನು ಪರೀಕ್ಷಿಸಿ, ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಬರುವ ಸಿಟಿಇ ಎಂಬ ರೋಗವನ್ನು ಅಲ್ಲಿ ಗುರುತಿಸಿದರು. 2017ರಲ್ಲಿ ಪ್ರಕಟವಾದ ಬಾಸ್ಟನ್ ಸಂಶೋಧಕರ ಅಧ್ಯಯನದಲ್ಲಿ, ವೃತ್ತಿಪರ ಲೀಗಿನಲ್ಲಿ ಆಡಿದ್ದ 111 ಮಂದಿಯ ಮಿದುಳುಗಳಲ್ಲಿ 110ರಲ್ಲಿ ಈ ರೋಗ ಕಂಡುಬಂತು. ರೋಗದ ಶಂಕೆಯಿದ್ದ ಕುಟುಂಬಗಳೇ ಹೆಚ್ಚಾಗಿ ಮಿದುಳುಗಳನ್ನು ದಾನವಾಗಿ ನೀಡಿದ್ದರಿಂದ ಎಲ್ಲ ಆಟಗಾರರಿಗೂ ಈ ಪ್ರಮಾಣವನ್ನು ಅನ್ವಯಿಸಲಾಗದು. ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ಗಮನಿಸಿ. ಕಾಲೇಜು ಮಟ್ಟದಲ್ಲಿಯೇ ಆಟ ನಿಲ್ಲಿಸಿದ್ದ 53 ಮಂದಿಯಲ್ಲಿ 48 ಮಂದಿಗೆ ರೋಗವಿತ್ತು. ಲೀಗಿನ ಹಣ ಅವರಿಗೆ ಸಿಗಲಿಲ್ಲ, ಪೆಟ್ಟು ಮಾತ್ರ ಸಿಕ್ಕಿತ್ತು.

ಇದಕ್ಕೆ ಎದುರಾಗಿ ಬರುವ ವಾದವನ್ನು ನಾವು ಲಘುವಾಗಿ ಕಾಣಬಾರದು. ‘ಯಾರೂ ಇವರನ್ನು ಬಲವಂತ ಮಾಡಿಲ್ಲ. ಆಟ ಇಲ್ಲದಿದ್ದರೆ ಎಷ್ಟೋ ಬಡ ಹುಡುಗರು ಕಾಲೇಜಿನ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ. ಶಿಸ್ತು, ಸ್ನೇಹ, ಸೋಲನ್ನು ಸಹಿಸುವ ಗುಣ, ಇವನ್ನೆಲ್ಲ ಅವರು ಆಟದಿಂದಲೇ ಕಲಿತರು’ ಎಂಬ ಮಾತು ಬಹುಮಟ್ಟಿಗೆ ನಿಜ. ಲೀಗನ್ನು ಸೇರದೆಯೂ ತಮ್ಮ ಆಟದ ದಿನಗಳನ್ನು ಕೃತಜ್ಞತೆಯಿಂದ ನೆನೆಯುವವರು ಬಹಳ ಮಂದಿ ಇದ್ದಾರೆ. ಆದರೆ ಒಪ್ಪಿಗೆ ಎಂಬುದಕ್ಕೆ ಎರಡು ಕಾಲುಗಳಿವೆ: ಒಂದು ತಿಳಿವಳಿಕೆ, ಇನ್ನೊಂದು ಬೇರೆ ದಾರಿಯ ಇರವು. ಹದಿನೆಂಟರ ಹುಡುಗನಿಗೆ ಲೆಕ್ಕ ತಿಳಿಯದು. ತಿಳಿದರೂ ತಾನು ಆ ಇಬ್ಬರಲ್ಲಿ ಒಬ್ಬನೆಂದೇ ಅವನು ನಂಬುತ್ತಾನೆ. ಅದು ಹರೆಯದ ಸಹಜ ಗುಣ. ಆದುದರಿಂದಲೇ ಹಿರಿಯರ ಹೊಣೆ ಇಮ್ಮಡಿಯಾಗುತ್ತದೆ.

‘ಈಗ ಅವರಿಗೂ ಹಣ ಸಿಗುತ್ತಿದೆಯಲ್ಲ?’ ಎಂದು ನೀವು ಕೇಳಬಹುದು. ಹೌದು. ತಮ್ಮ ಹೆಸರು ಮತ್ತು ಚಿತ್ರಗಳಿಂದ ಹಣ ಗಳಿಸಲು 2021ರ ಜುಲೈಯಿಂದ ಕಾಲೇಜು ಆಟಗಾರರಿಗೆ ಅನುಮತಿ ದೊರೆಯಿತು. 2025ರಲ್ಲಿ ನ್ಯಾಯಾಲಯ ಒಪ್ಪಿದ ಒಡಂಬಡಿಕೆಯಂತೆ ವಿಶ್ವವಿದ್ಯಾಲಯಗಳು ತಮ್ಮ ಕ್ರೀಡಾಪಟುಗಳಿಗೆ ನೇರವಾಗಿ ಹಣ ಹಂಚಬಹುದಾಯಿತು. ಮೊದಲ ವರ್ಷಕ್ಕೆ ಒಂದು ವಿಶ್ವವಿದ್ಯಾಲಯಕ್ಕೆ ನಿಗದಿಯಾದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ದುಡಿದವನಿಗೆ ಕೂಲಿ ಸಲ್ಲಬೇಕಾದದ್ದು ನ್ಯಾಯವೇ. ಬಹು ತಡವಾಗಿ ಬಂದ ನ್ಯಾಯ. ಆದರೆ ಕೂಲಿ ಕೊಟ್ಟ ಮಾತ್ರಕ್ಕೆ ಗುರುವಿನ ಋಣ ತೀರುವುದಿಲ್ಲ. ಹೆಚ್ಚು ಹಣ ಸಿಗುವುದು ಮುಂಚೂಣಿಯ ಕೆಲವರಿಗೆ. ಹಣದ ಬೆನ್ನಟ್ಟಿ ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಜಿಗಿಯುವುದು ಸುಲಭವಾದಷ್ಟೂ ಒಂದೆಡೆ ನಿಂತು ಓದುವುದು ಕಷ್ಟವಾಗುತ್ತದೆ. ‘ನಾವು ಲೆಕ್ಕ ಚುಕ್ತಾ ಮಾಡಿದ್ದೇವೆ’ ಎಂದು ಸಂಸ್ಥೆ ಕೈತೊಳೆದುಕೊಳ್ಳುವ ಅಪಾಯವೂ ಇದೆ.

ಓದುಗ ಬಂಧುಗಳೇ, ವಿಶ್ವವಿದ್ಯಾಲಯಗಳು ತಮ್ಮ ಗೋಡೆಗಳ ಮೇಲೆ ಲೀಗಿಗೆ ಆಯ್ಕೆಯಾದವರ ಚಿತ್ರಗಳನ್ನು ಹೆಮ್ಮೆಯಿಂದ ತೂಗುಹಾಕುತ್ತವೆ. ಅದು ಸಹಜ. ಆದರೆ ಆ ಚಿತ್ರಗಳು ಸಂಸ್ಥೆಯ ಆಯ್ಕೆಯ ಚಾತುರ್ಯವನ್ನು ಹೇಳುತ್ತವೆಯೇ ಹೊರತು ಅದರ ಶೀಲವನ್ನು ಹೇಳುವುದಿಲ್ಲ. ಶೀಲವನ್ನು ತಿಳಿಯಬೇಕಾದರೆ ಗೋಡೆಯ ಮೇಲಿಲ್ಲದವರನ್ನು ಹುಡುಕಿಕೊಂಡು ಹೋಗಬೇಕು. ನಲವತ್ತರ ವಯಸ್ಸಿನಲ್ಲಿ ಅವರು ಏನು ಮಾಡುತ್ತಿದ್ದಾರೆ, ಅವರ ಮೊಣಕಾಲು ಹೇಗಿದೆ, ತಲೆನೋವು ಹೇಗಿದೆ, ಕೈಯಲ್ಲಿ ಪದವಿ ಇದೆಯೇ, ಹಳೆಯ ಗುರುಗಳಲ್ಲಿ ಒಬ್ಬರಾದರೂ ಅವರನ್ನು ನೆನಪಿಟ್ಟಿದ್ದಾರೆಯೇ ಎಂದು ಕೇಳಬೇಕು.

ನಾವೂ ಒಂದಲ್ಲ ಒಂದು ಬಗೆಯಲ್ಲಿ ಎಳೆಯರ ಕನಸುಗಳಿಗೆ ನೀರೆರೆಯುವವರು. ತಂದೆತಾಯಿಗಳಾಗಿ, ಶಿಕ್ಷಕರಾಗಿ, ಗುರುಗಳಾಗಿ. ಗೆದ್ದು ಬಂದ ಮಗುವನ್ನು ಬರಮಾಡಿಕೊಳ್ಳಲು ಯಾರೂ ನಮಗೆ ಕಲಿಸಬೇಕಾಗಿಲ್ಲ. ಮೂರು ದಿನ ಕಾದರೂ ಹೆಸರು ಕೇಳಿಬಾರದ ಆ ಮನೆಯಲ್ಲಿ, ಟಿ.ವಿ. ಆರಿಸಿದ ಮೇಲೆ, ತಲೆತಗ್ಗಿಸಿ ಕುಳಿತ ಹುಡುಗನ ಬಳಿ ಹೋಗಿ ಅವನ ಹೆಸರಿಡಿದು ಕರೆದು ಊಟಕ್ಕೆ ಕೂರಿಸುವವರು ಯಾರು? ಆ ಕರೆಯನ್ನು ಯಾವ ಲೀಗೂ ಕೊಡಲಾರದು. ಅದನ್ನು ಕೊಡುವ ಅಧಿಕಾರವೂ ಹೊಣೆಯೂ ಅವನನ್ನು ಬೆಳೆಸಿದವರದೇ.